ಘಟ್ಟ ಇಳಿದು ಬಂದವರ ಮೊದಲ ಮಳೆಗಾಲ: ಮೇಸ್ತ್ರಿಗಳಿಗೆ, ರೂಮಿನವರಿಗೆ

ಕೊಪ್ಪಳ, ಗದಗ, ಬಾಗಲಕೋಟೆ ಕಡೆಯಿಂದ ಮಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರ ಮನಸ್ಸು ಕುಗ್ಗಿದ್ದು ಹೆಚ್ಚಾಗಿ ಮೈಯಲ್ಲೇ ಮೊದಲು ಕಾಣುತ್ತದೆ: ತಲೆನೋವು, ಎದೆಯುರಿ, ಸುಸ್ತು. ಮೆಡಿಕಲ್‌ನಿಂದ ಗ್ಯಾಸಿನ ಮಾತ್ರೆ ತಂದು ನುಂಗುವುದರಲ್ಲೇ ತಿಂಗಳು ಕಳೆಯುತ್ತದೆ. "ಟೆನ್ಷನ್ ಉಂಟಾ?" ಎಂದು ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ. ನಿದ್ದೆ ಹೇಗೆ, ಊಟ ಸೇರುತ್ತದಾ, ಊರಿಗೆ ಯಾವಾಗ ಫೋನ್ ಮಾಡಿದ್ದು, ಇಷ್ಟು ಕೇಳಿ. ನಸುಕಿಗೆ ಮೊದಲೇ ಎಚ್ಚರ, ಯಾವುದರಲ್ಲೂ ಆಸಕ್ತಿ ಇಲ್ಲ, ಹೀಗೇ ಎರಡು ವಾರ ದಾಟಿತೆಂದರೆ ಬರೀ ಊರಿನ ನೆನಪಲ್ಲ, ವೈದ್ಯರಿಗೆ ತೋರಿಸಬೇಕು.

ಜೂನ್, ಜುಲೈ ಹೆಚ್ಚು ಕಷ್ಟ. ಮಳೆಗೆ ಕೆಲಸ ನಿಲ್ಲುತ್ತದೆ, ಕೂಲಿ ಇಲ್ಲ, ಮುಂಗಡದ ಸಾಲ ಹಾಗೇ ಇದೆ, ಸುತ್ತ ಎಲ್ಲ ತುಳು ಮಾತು. ಖಾಲಿ ದಿನ ಕುಡಿತಕ್ಕೆ ಹೋಗುತ್ತದೆ. ಒಳಗಿನ ಕೆಲಸ ಸಿಕ್ಕರೆ ಹೊಸಬರಿಗೆ ಮೊದಲು ಕೊಡಿ, ಅವರ ಊರಿನವರೊಬ್ಬರನ್ನು ಅದೇ ರೂಮಿನಲ್ಲಿ ಇರಿಸಿ. ಕುಚ್ಚಲಕ್ಕಿ ಊಟ ಎಷ್ಟೇ ಒಳ್ಳೆಯದಾದರೂ ರೊಟ್ಟಿ ತಿಂದು ಬೆಳೆದವರಿಗೆ ಉಂಡಂತಾಗುವುದಿಲ್ಲ. ಒಂದು ಹಂಚು, ಜೋಳದ ಹಿಟ್ಟು ರೂಮಿನಲ್ಲಿರಲಿ. ತೇವಕ್ಕೆ ಹಿಟ್ಟು ಬೇಗ ಕಹಿಯಾಗುತ್ತದೆ, ರೊಟ್ಟಿ ಹರಿಯುತ್ತದೆ. ವಾರಕ್ಕೆ ಬೇಕಾದಷ್ಟೇ ಬೀಸಿಸಿ.

ದಿನಾ ಕುಡಿಯುವವರನ್ನು ಒಮ್ಮೆಲೇ ಬಿಡಿಸಿ ರೂಮಿನಲ್ಲಿ ಕೂಡಿಹಾಕಬೇಡಿ. ಒಂದೆರಡು ದಿನದೊಳಗೆ ಕೈ ನಡುಕ, ಫಿಟ್ಸ್ ಬರಬಹುದು. ನಂತರ ಗೊಂದಲ, ಇಲ್ಲದ್ದು ಕಾಣುವುದು ಶುರುವಾದರೆ ಜೀವಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡದೆ ಜೊತೆಗಿದ್ದು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು, ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಕುತ್ತು ಎನಿಸಿದರೆ 112. ತೋರಿಸಲಿಕ್ಕೆ ಮಂಗಳೂರಿನಲ್ಲಿ ವೆನ್ಲಾಕ್ ಸರ್ಕಾರಿ ಆಸ್ಪತ್ರೆ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇದೆ. ಬೆಳಿಗ್ಗೆ ಬೇಗ ಹೋಗಿ, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಆ ದಿನದ ಕೂಲಿ ಕಡಿಯಬೇಡಿ. ಕಡಿದರೆ ಮುಂದಿನ ಸಲ ಅವರು ಹೋಗುವುದಿಲ್ಲ.

ಖಿನ್ನತೆಯ ಮಾತ್ರೆ ಹಿಡಿಯಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುತ್ತದೆ, ಗುಣ ಕಾಣುವುದಿಲ್ಲ. ಹೆಚ್ಚಿನವರು ಬಿಡುವುದು ಆಗಲೇ. ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಲು ವೈದ್ಯರು ಹೇಳುತ್ತಾರೆ. ಹಬ್ಬಕ್ಕೆ ಊರಿಗೆ ಹೊರಟಾಗ ಮಾತ್ರೆಯ ಜೊತೆ ಚೀಟಿಯನ್ನೂ ಚೀಲಕ್ಕೆ ಹಾಕಿಸಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನೇ ತೋರಿಸಬೇಕು.