ಏಳು ವಾರದ ಟುಟು

ನನ್ನದು ನೃತ್ಯದ ಉಡುಪು ಹೊಲಿಯುವ ಕೆಲಸ. ಹೆಚ್ಚಿನವು ಭರತನಾಟ್ಯದವು, ಬ್ಯಾಲೆಯವರು ವರ್ಷಕ್ಕೆ ನಾಲ್ಕೈದು ಜನ ಬಂದರೆ ಹೆಚ್ಚು. ಕಳೆದ ವರ್ಷ ಬೆಂಗಳೂರಿನ ಬ್ಯಾಲೆ ಶಿಕ್ಷಕಿಯೊಬ್ಬರು ಬಂದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೊಡುತ್ತಿದ್ದಂಥ ಟುಟು, ಅಂದರೆ ಬ್ಯಾಲೆ ನರ್ತಕಿಯರ ಪದರ ಪದರದ ಲಂಗದ ಉಡುಪು, ಒಂದು ಬೇಕು ಎಂದರು. ‘ನೆಟ್ ಮನೆಯಲ್ಲೇ ಇದೆ, ನಾಲ್ಕು ದಿನ ಸಾಕು’ ಎಂದುಬಿಟ್ಟೆ. ಹಿಡಿದದ್ದು ಏಳು ವಾರ.

ಮೊದಲ ಸಲ ಕ್ಯಾನ್‌ಕ್ಯಾನ್‌ನಲ್ಲೇ ಹೊಲಿದೆ. ಮದುವೆಯ ಲೆಹೆಂಗಾದೊಳಗೆ ಹಾಕುವ ಗಡಸು ನೆಟ್ಟಿಗೆ ಚಿಕ್ಕಪೇಟೆಯ ಅಂಗಡಿಗಳಲ್ಲಿ ಇರುವ ಹೆಸರು ಅದು. ಪ್ಯಾರಿಸ್ಸಿನ ಕುಣಿತವೊಂದರ ಹೆಸರು ನಮ್ಮ ಮದುಮಗಳ ಲಂಗದೊಳಗೆ ಬಂದು ಕೂತಿದೆ. ಹೊಲಿದದ್ದು ಊಟದ ತಟ್ಟೆಯಂತೆ ಸುತ್ತಲೂ ಚಾಚಿಕೊಂಡಿತು. ಶಿಕ್ಷಕಿ ಮಾತನಾಡದೆ ಒಂದು ಹಳೆಯ ಫೋಟೊ ಮುಂದಿಟ್ಟರು. 1890ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ‘ಸ್ಲೀಪಿಂಗ್ ಬ್ಯೂಟಿ’ ಬ್ಯಾಲೆ ಮೊದಲ ಸಲ ರಂಗಕ್ಕೆ ಬಂದಾಗ ರಾಜಕುಮಾರಿ ಅರೋರಾ ಆಗಿ ಕುಣಿದ ಕಾರ್ಲೊಟಾ ಬ್ರಿಯಾಂಜಾ. ಲಂಗ ಸೊಂಟದಿಂದ ಹೊರಕ್ಕೆ ಹೊರಟು, ಮನಸ್ಸು ಬದಲಿಸಿದಂತೆ ಬಾಗಿ, ಮೊಣಕಾಲಿನ ಹತ್ತಿರ ನಿಂತಿತ್ತು. ತಟ್ಟೆಯಲ್ಲ, ಗಂಟೆಯೂ ಅಲ್ಲ. ಅರ್ಧ ಬಿಚ್ಚಿದ ಕೊಡೆ. ತಟ್ಟೆಯ ಆಕಾರ ಇಪ್ಪತ್ತನೆಯ ಶತಮಾನದ್ದು. ನಾನು ಹೊಲಿದ ನೆಟ್ ನೈಲಾನಿನದು; ನೈಲಾನ್ ಹುಟ್ಟಿದ್ದೇ 1930ರ ದಶಕದಲ್ಲಿ. ನಾನು ಅಜ್ಜಿಗೆ ಮೊಮ್ಮಗಳ ಬಟ್ಟೆ ಹೊಲಿದಿದ್ದೆ.

ಈ ಕೊಡೆ ಏಕೆ ಅರ್ಧಕ್ಕೆ ನಿಂತಿತು ಎಂಬುದು ತಿಳಿಯದೆ ಕತ್ತರಿ ಹಿಡಿಯಬಾರದು ಅನ್ನಿಸಿತು. 1832ರಲ್ಲಿ ಪ್ಯಾರಿಸ್ಸಿನ ‘ಲಾ ಸಿಲ್ಫೀಡ್’ ಬ್ಯಾಲೆಯಲ್ಲಿ ಮಾರೀ ಟಾಗ್ಲಿಯೋನಿ ತೊಟ್ಟ ಬಿಳಿ ಲಂಗ ಮೀನಖಂಡದವರೆಗೆ ಇಳಿದಿತ್ತು. ನೋಡುವವರಿಗೆ ಪಾದ ಕಂಡರೆ ಸಾಕಿತ್ತು. ಐವತ್ತು ವರ್ಷಗಳ ನಂತರ ಇಟಲಿಯ ನರ್ತಕಿಯರು ಗಟ್ಟಿ ತುದಿಯ ಬೂಟು ತೊಟ್ಟು, ಬೆರಳ ತುದಿಯ ಮೇಲೆ ನಿಂತು ಗಿರಗಿರನೆ ಸುತ್ತತೊಡಗಿದರು. 1893ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಪಿಯೆರೀನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತು ಸುತ್ತಿದಳು. ಮೊಣಕಾಲು ಮುಚ್ಚಿದರೆ ಆ ಕಸುಬು ಕಾಣುವುದು ಹೇಗೆ? ಅದಕ್ಕೂ ಮೊದಲು, 1885ರಲ್ಲಿ, ಅಲ್ಲಿಗೇ ಬಂದ ಇಟಲಿಯ ನರ್ತಕಿ ವರ್ಜೀನಿಯಾ ಜುಕ್ಕಿ ಉದ್ದ ಲಂಗ ಕೊಟ್ಟಾಗ, ಅಜ್ಜಿಯರು ಉಡುವುದನ್ನು ತಾನು ಉಡುವುದಿಲ್ಲ ಎಂದಳಂತೆ. ಲಂಗವನ್ನು ಗಿಡ್ಡ ಮಾಡಿದ್ದು ಫ್ಯಾಷನ್ ಎನ್ನುವವರನ್ನು ನಾನು ನಂಬುವುದಿಲ್ಲ. ಮಾಡಿದ್ದು ಕಾಲು.

ಇನ್ನು ಬಟ್ಟೆ. ಆಗಿನ ಟುಟುವಿನ ಬಟ್ಟೆ ಟಾರ್ಲಟನ್: ಜಾಳುಜಾಳಾಗಿ ನೇಯ್ದ, ಗಂಜಿ ಹಾಕಿ ಗಡಸು ಮಾಡಿದ ಹತ್ತಿ. ಬಟ್ಟೆ ಅಂಗಡಿಗಳಲ್ಲಿ ಹೆಸರು ಹೇಳಿದರೆ ಮುಖ ನೋಡುತ್ತಿದ್ದರು. ಕೊನೆಗೆ ಸಿಕ್ಕಿದ್ದು ಚಿತ್ರಕಲಾವಿದರೊಬ್ಬರ ಬಳಿ. ಎಚಿಂಗ್, ಅಂದರೆ ತಗಡಿನಲ್ಲಿ ಕೊರೆದ ಚಿತ್ರವನ್ನು ಕಾಗದಕ್ಕೆ ಅಚ್ಚೊತ್ತುವ ಕೆಲಸ, ಮಾಡುವವರು ತಗಡಿನ ಮೇಲಿನ ಮಸಿ ಒರೆಸುವುದು ಇದೇ ಟಾರ್ಲಟನ್‌ನಲ್ಲಿ. ಬ್ಯಾಲೆ ಹುಡುಗಿಯರನ್ನು ಬಿಡದೆ ಚಿತ್ರಿಸಿದ ಫ್ರಾನ್ಸಿನ ಕಲಾವಿದ ಡೆಗಾ ಕೂಡ ತಗಡಿನ ಮೇಲೆ ಮಸಿ ಬಳಿದು ಒರೆಸಿದವನೇ. ಅವನು 1881ರಲ್ಲಿ ಪ್ರದರ್ಶನಕ್ಕಿಟ್ಟ ಹದಿನಾಲ್ಕರ ನರ್ತಕಿಯ ಮೇಣದ ಶಿಲ್ಪಕ್ಕೆ ನಿಜವಾದ ಬಟ್ಟೆಯ ಲಂಗವನ್ನೇ ತೊಡಿಸಿದ್ದ. ಅದನ್ನು ಅಳತೆಗೆ ಇಟ್ಟುಕೊಳ್ಳೋಣ ಎಂದು ಹೊರಟು ಕೈಬಿಟ್ಟೆ. ಆತ ಸತ್ತ ಮೇಲೆ ಎರಕ ಹೊಯ್ದ ಕಂಚಿನ ಪ್ರತಿಗಳ ಲಂಗ ಒಂದೊಂದು ಮ್ಯೂಸಿಯಂನಲ್ಲಿ ಒಂದೊಂದು ಉದ್ದ.

ನಮ್ಮ ಕಟಿಂಗ್ ಮಾಸ್ಟರ್ ಥಾನು ಬಿಚ್ಚಿ, ‘ಏನಮ್ಮಾ ಇದು, ಸೊಳ್ಳೆಪರದೆಯೇ?’ ಎಂದರು. ಮೀಟರ್ ಅಗಲದ ಬಟ್ಟೆಯನ್ನು ಉದ್ದಕ್ಕೆ ಸೀಳಿ ಆರು ಪದರ ಮಾಡಿದೆವು. ಪದರಕ್ಕೆ ಐದು ಮೀಟರಿನಂತೆ ಹದಿನೈದು ಮೀಟರ್ ಬಟ್ಟೆ ಹೋಯಿತು. ಮೇಲಿನ ಪದರ 48 ಸೆಂಟಿಮೀಟರ್, ಅದರ ಕೆಳಗಿನದು ಎರಡು ಬೆರಳು ಗಿಡ್ಡ, ಹೀಗೆ ಒಳಗೆ ಹೋದಷ್ಟೂ ಚಿಕ್ಕದು. ಒಳಗಿನ ಗಿಡ್ಡ ಪದರಗಳು ಮೇಲಿನದನ್ನು ಹೊತ್ತು ನಿಲ್ಲಬೇಕು. ಸೊಂಟದ ಕೆಳಗಿನ ಪಟ್ಟಿಗೆ ಒಂದೊಂದೇ ಪದರವನ್ನು ನೆರಿಗೆ ಹಿಡಿದು, ಬೆರಳಗಲ ಅಂತರ ಬಿಟ್ಟು ಹೊಲಿಯುವಾಗ ಟಾರ್ಲಟನ್ ಕೈಯನ್ನು ಗೀರುತ್ತದೆ. ಎಲ್ಲ ಮುಗಿದ ಮೇಲೆ ಪದರ ಪದರಕ್ಕೂ ದೂರದೂರದಲ್ಲಿ ಸಡಿಲವಾಗಿ ಟಾಕಿ ಹಾಕಬೇಕು. ಬಿಗಿಯಾದರೆ ಲಂಗ ಸುಕ್ಕಾಗುತ್ತದೆ, ಹಾಕದಿದ್ದರೆ ಪದರಗಳು ಜಗಳವಾಡಿದಂತೆ ದಿಕ್ಕಿಗೊಂದು ಹೋಗುತ್ತವೆ. ನಾನು ಎರಡು ಸಲ ಬಿಚ್ಚಿದೆ. ಮೇಲಿನ ರವಿಕೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ: ಮುಂದೆ ಚೂಪು, ಒಳಗೆ ಪಟ್ಟಿ ಕೊಟ್ಟು ಬಿಗಿ, ಹಿಂದೆ ಹುಕ್ಕು. ಆ ಕಾಲದ ಹೆಂಗಸರ ಉಡುಪಿನದೇ ನಕಲು.

ಉಳಿದ ಒಂದು ತುಂಡನ್ನು ಅಂಗಳದಲ್ಲಿ ಇಕ್ಕುಳದಿಂದ ಹಿಡಿದು ಕಡ್ಡಿ ಗೀರಿದೆ. ಭುಗಿಲ್ ಎಂದಿತು; ಇಕ್ಕುಳ ಬಿಡುವ ಮೊದಲೇ ಬೂದಿ. 1862ರ ನವೆಂಬರ್ 15ರಂದು ಪ್ಯಾರಿಸ್ ಆಪೆರಾದಲ್ಲಿ ತಾಲೀಮಿನ ನಡುವೆ ನರ್ತಕಿ ಎಮ್ಮಾ ಲಿವ್ರಿಯ ಲಂಗ ಗ್ಯಾಸ್ ದೀಪಕ್ಕೆ ತಾಗಿದ್ದು ಹೀಗೆಯೇ. ಎಂಟು ತಿಂಗಳು ನರಳಿ ತೀರಿಕೊಂಡಳು. ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿದ ಬಟ್ಟೆ ಆಗಲೇ ಇತ್ತು. ಅದು ಗಡಸಾಗಿ ಮಂಕಾಗುತ್ತದೆ ಎಂದು ಅವಳು ತೊಡಲು ಒಪ್ಪಿರಲಿಲ್ಲ. ಇನ್ನೊಂದು ತುಂಡನ್ನು ಬಿಳಿಗಾರ ಕರಗಿಸಿದ ನೀರಿನಲ್ಲಿ ಅದ್ದಿ ಒಣಗಿಸಿ ಮತ್ತೆ ಕಡ್ಡಿ ಹಿಡಿದೆ. ಕರಿಕಾಯಿತು, ಉರಿಯಲಿಲ್ಲ. ಆದರೆ ಬಿಳುಪು ಹೋಗಿ ಹಳೆಯ ಪಂಚೆಯಂತಾಗಿತ್ತು. ಅವಳ ಹಟ ಅಂದು ಅರ್ಥವಾಯಿತು. ಅರ್ಥವಾದದ್ದಕ್ಕೆ ಸಂಕಟವೂ ಆಯಿತು.

ತಾಲೀಮಿಗೆ ಒಯ್ದ ದಿನ ಲಂಗ ಚೆನ್ನಾಗಿ ನಿಂತಿತ್ತು. ಅದನ್ನು ತೊಟ್ಟ ಹುಡುಗಿ ಇಪ್ಪತ್ತು ನಿಮಿಷ ಕುಣಿದಳು. ಬೆವರಿಗೆ ಸೊಂಟದ ಹತ್ತಿರದ ಗಂಜಿ ಬಿಟ್ಟುಕೊಂಡು ಪದರಗಳು ಮೆತ್ತಗೆ ಕೆಳಗಿಳಿದವು. ಕೆಲಸ ಕೆಟ್ಟಿತು ಎಂದುಕೊಂಡೆ. ಶಿಕ್ಷಕಿ ಮಾತ್ರ ಫೋಟೊ ತೆಗೆದು ಪಕ್ಕದಲ್ಲಿ ಹಿಡಿದರು: ಈಗ ಬಾಗು ಸರಿಯಾಗಿ ಬ್ರಿಯಾಂಜಾಳ ಲಂಗದ್ದೇ. ರಾತ್ರಿ ಗಂಜಿ ಕಾಸಿ, ತೆಳುವಾಗಿ ಸವರಿ, ಲಂಗವನ್ನು ತಲೆಕೆಳಗಾಗಿ ತೂಗುಹಾಕಿದೆ. ಆ ವಾರ ಮಳೆ; ಮೂರು ದಿನವಾದರೂ ಒಣಗಲಿಲ್ಲ. ಫೋನ್ ಮಾಡಿ ಹೇಳಿದಾಗ ಶಿಕ್ಷಕಿ, ‘ಒಂದು ಒಣಗುವಾಗ ತೊಡಲು ಇನ್ನೊಂದು ಹೊಲಿದುಬಿಡಿ’ ಎಂದರು.