ಜೇಬಿಗೊಂದು ಚಾಕು, ಮೂರು ನಾಣ್ಯದ ಭಾರ

ಮೊಮ್ಮಗ ಫೋನಿನಲ್ಲಿ ಒಂದು ಚಾಕಿನ ಫೋಟೊ ತೋರಿಸಿದ. ಕಪ್ಪು ಹಿಡಿ, ದಪ್ಪ ಅಲಗು, ಬೆನ್ನಿನ ಮೇಲೆ ಗರಗಸದ ಹಾಗೆ ಹಲ್ಲು. "ಅಜ್ಜಿ, ದಿನಾ ಜೇಬಲ್ಲಿ ಇಟ್ಕೊಳ್ಳೋಕೆ ಇದು ಹೇಗಿದೆ?" ಅಂದ. "ನೀನು ಹೋಗ್ತಿರೋದು ಆಫೀಸಿಗೋ, ಕಾಡು ಕಡಿಯೋಕೋ?" ಅಂದೆ. ಭಾರ ಎಷ್ಟು ಅಂತ ಕೇಳಿದರೆ 180 ಗ್ರಾಂ ಅಂತೆ. ಅಷ್ಟು ಭಾರದ್ದು ಮೊದಲ ವಾರ ಜೇಬಿನಲ್ಲಿರುತ್ತದೆ, ಎರಡನೇ ವಾರ ಬ್ಯಾಗಿಗೆ ಹೋಗುತ್ತದೆ, ಮೂರನೇ ವಾರ ಮನೆಯ ಡ್ರಾಯರಿನಲ್ಲಿ ಮಲಗುತ್ತದೆ.

ನಾನು ಮಡಚುವ ಚಾಕು ಜೊತೆಗಿಟ್ಟುಕೊಂಡು 40 ವರ್ಷ ದಾಟಿತು. ನಮ್ಮ ಮಲೆನಾಡಿನ ಗಂಡಸರು ತೋಟಕ್ಕೆ ಹೋಗುವಾಗ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಳ್ಳುತ್ತಾರೆ. ಅದು ತೋಟಕ್ಕೆ ಸರಿ, ಬಸ್ಸಿಗೆ ಆಗುತ್ತದಾ? ನನಗೆ ಬೇಕಾಗಿದ್ದು ಪ್ರಯಾಣದಲ್ಲಿ ಮೂಸಂಬಿ ಹೆಚ್ಚಲಿಕ್ಕೆ, ಅಕ್ಕಿ ಮೂಟೆಯ ಹೊಲಿಗೆ ಬಿಚ್ಚಲಿಕ್ಕೆ, ಕೊರಿಯರ್ ಡಬ್ಬದ ಟೇಪು ಕೊಯ್ಯಲಿಕ್ಕೆ, ಹೂವಿನ ಬಾಳೆನಾರು ತುಂಡು ಮಾಡಲಿಕ್ಕೆ. ಚಾಕು ಕೊಳ್ಳುವ ಮುಂಚೆ ನೀವೂ ಒಂದು ವಾರ ಗಮನಿಸಿ ನೋಡಿ. ದಿನಕ್ಕೆ ಏನೇನು ಕೊಯ್ಯುತ್ತೀರಿ? ಹಣ್ಣು, ದಾರ, ಪ್ಲಾಸ್ಟಿಕ್ಕು. ಅದಕ್ಕಿಂತ ಜಾಸ್ತಿ ಏನೂ ಇರುವುದಿಲ್ಲ.

ಭಾರ ಅಳೆಯಲಿಕ್ಕೆ ನನ್ನದೊಂದು ಲೆಕ್ಕವಿದೆ. ಹತ್ತು ರೂಪಾಯಿಯ ನಾಣ್ಯ ಒಂದಕ್ಕೆ ಸುಮಾರು 7.7 ಗ್ರಾಂ. ಅಂಥ ಮೂರು ನಾಣ್ಯ ಅಂಗಿ ಜೇಬಿನಲ್ಲಿ ಹಾಕಿಕೊಂಡು ಓಡಾಡಿ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ, ಮಡಚಿದಾಗ 58 ಮಿಲಿಮೀಟರ್ ಉದ್ದದ ಪುಟ್ಟ ಚಾಕು, ಕೀ ಗೊಂಚಲಿಗೆ ಹಾಕುತ್ತಾರಲ್ಲ, ಅದರ ಭಾರ ಅದಕ್ಕಿಂತಲೂ ಚೂರು ಕಡಿಮೆ, 21 ಗ್ರಾಂ. ಅದರಲ್ಲೇ ಸಣ್ಣ ಕತ್ತರಿಯೂ ಇದೆ. ಈಗ ಆರು ನಾಣ್ಯ ಹಾಕಿ. ಒಪಿನೆಲ್ ಅಂತ ಫ್ರಾನ್ಸಿನ ಮರದ ಹಿಡಿಯ ಚಾಕು ಬರುತ್ತದೆ, ಅದರ ಅಳತೆಗಳಲ್ಲಿ 8ನೇ ನಂಬರಿನದು ಹೆಚ್ಚುಕಡಿಮೆ ಅಷ್ಟು ತೂಗುತ್ತದೆ. ಎಂಟು ನಾಣ್ಯ ಆದಮೇಲೆ ಜೇಬು ಜೋಲುತ್ತದೆ. ನನ್ನ ಮಿತಿ ಅಲ್ಲಿಗೆ, ಅಂದರೆ ಸುಮಾರು 60 ಗ್ರಾಂ. ಪ್ಯಾಂಟು ಹಾಕುವವರಿಗೆ ಇನ್ನೊಂದು ನಾಲ್ಕು ನಾಣ್ಯ ತಡೆದೀತು.

ಅಲಗು 6ರಿಂದ 8 ಸೆಂಟಿಮೀಟರ್ ಇದ್ದರೆ ಸಾಕು. ಉದ್ದಕ್ಕಿಂತ ದಪ್ಪ ನೋಡಬೇಕು, ಇದನ್ನು ಯಾರೂ ಹೇಳುವುದಿಲ್ಲ. 3 ಮಿಲಿಮೀಟರ್ ದಪ್ಪದ ಅಲಗಿನಲ್ಲಿ ಸೇಬು ಹೆಚ್ಚಿ ನೋಡಿ. ಅರ್ಧಕ್ಕೆ ಹೋಗುತ್ತಿದ್ದ ಹಾಗೆ ಟಪ್ ಅಂತ ಹಣ್ಣು ಸೀಳಿಕೊಳ್ಳುತ್ತದೆ. ಕ್ಯಾರೆಟ್ಟಂತೂ ಸಿಡಿಯುತ್ತದೆ. ತೆಳು ಅಲಗು ಸದ್ದಿಲ್ಲದೆ ಇಳಿಯುತ್ತದೆ. 2 ಮಿಲಿಮೀಟರಿಗಿಂತ ತೆಳ್ಳಗಿರಲಿ. ಅಂಥದ್ದರಲ್ಲಿ ಡಬ್ಬದ ಮುಚ್ಚಳ ಮೀಟಬಾರದು, ಮುರಿಯುತ್ತದೆ. ಮೀಟಲಿಕ್ಕೆ ಚಮಚದ ಹಿಂಬದಿ ಇಲ್ವಾ?

ಇನ್ನು ಲಾಕು, ಅಂದರೆ ತೆರೆದ ಅಲಗು ತಾನಾಗಿ ಮಡಚಿಕೊಳ್ಳದ ಹಾಗೆ ಹಿಡಿದಿಡುವಂಥದ್ದು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನ್ನ ಬಲಗೈ ತೋರುಬೆರಳಿನಲ್ಲಿ ಮೂರು ಹೊಲಿಗೆಯ ಗುರುತಿದೆ. ಜಾತ್ರೆಯಲ್ಲಿ ಕೊಂಡ ಅಗ್ಗದ ಚಾಕು ಅದು. ತೆರೆದರೆ ಕಟ್ ಅಂತ ಚಂದ ಸದ್ದು ಮಾಡುತ್ತಿತ್ತು, ಅದಕ್ಕೇ ಮರುಳಾದೆ. ಒಂದು ದಿನ ದಪ್ಪ ರಟ್ಟಿನ ಡಬ್ಬಕ್ಕೆ ತೂತು ಮಾಡಲು ತುದಿಯಿಂದ ಚುಚ್ಚಿದೆ. ಅಲಗು ಒಳಗೆ ಹೋಗಲಿಲ್ಲ, ನನ್ನ ಬೆರಳಿನ ಮೇಲೆ ಮಡಚಿಕೊಂಡಿತು. ಬರೀ ಸ್ಪ್ರಿಂಗಿನ ಬಿಗಿಯಲ್ಲಿ ನಿಲ್ಲುವ ಚಾಕುಗಳಿಗೆ ಲಾಕು ಇರುವುದೇ ಇಲ್ಲ. ವಿಕ್ಟೋರಿನಾಕ್ಸ್‌ನ ಸಣ್ಣವೆಲ್ಲ ಹಾಗೇ. ಅದು ದೋಷವಲ್ಲ, ಹೆಚ್ಚಲಿಕ್ಕೆ ಅಷ್ಟು ಸಾಕು. ಆದರೆ ಅದರಿಂದ ಚುಚ್ಚಬಾರದು. ಚುಚ್ಚುವ ಕೆಲಸ ಇದ್ದವರು ಲಾಕಿನದನ್ನೇ ಕೊಳ್ಳಲಿ. ಒಪಿನೆಲ್‌ಗೆ ಕುತ್ತಿಗೆಯ ಹತ್ತಿರ ತಿರುಗಿಸುವ ಒಂದು ಉಂಗುರವಿದೆ, 1955ರಿಂದ ಹಾಕುತ್ತಾ ಬಂದಿದ್ದಾರೆ. ನೋಡಲು ಸಾದಾ, ಆದರೆ ತಿರುಗಿಸುವುದನ್ನು ಮರೆತರೆ ಅದೂ ಮಡಚಿಕೊಳ್ಳುತ್ತದೆ. ಬೇರೆ ಕೆಲವದರಲ್ಲಿ ಹಿಡಿಯ ಒಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಒತ್ತು ಕೊಡುತ್ತದೆ. ಅಂಥದ್ದನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಚಾಕು ತೆರೆದು, ಅಲಗು ಮಡಚುವ ದಾರಿಯಲ್ಲಿ ಬೆರಳು ಇರದ ಹಾಗೆ ಹಿಡಿದು, ಬೆನ್ನನ್ನು ಮರದ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿ. ಜಾರಿದರೆ ಅಲ್ಲೇ ವಾಪಸ್ ಕೊಟ್ಟುಬಿಡಿ. ಅಲಗು ಅಕ್ಕಪಕ್ಕ ಅಲ್ಲಾಡಿದರೂ ಬೇಡ.

ನನ್ನ ವಯಸ್ಸಿನವರು ಇನ್ನೊಂದು ನೋಡಬೇಕು. ಉಗುರು ಸಿಕ್ಕಿಸುವ ಗೀರು ಎಷ್ಟು ಆಳವಿದೆ, ಸ್ಪ್ರಿಂಗು ಎಷ್ಟು ಬಿಗಿ ಇದೆ ಅಂತ. ಹೊಸದರಲ್ಲಿ ಉಗುರೇ ಕಿತ್ತುಬರುವಷ್ಟು ಬಿಗಿ ಇರುತ್ತದೆ ಕೆಲವು. ಅಲಗು ತಿರುಗುವ ಕೀಲಿಗೆ ಒಂದು ತೊಟ್ಟು ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು ಹತ್ತಿಪ್ಪತ್ತು ಸಲ ತೆರೆದು ಮುಚ್ಚಿದರೆ ಸಡಿಲವಾಗುತ್ತದೆ. ಆಗಲೂ ಬಾರದಿದ್ದರೆ ಅದು ನಿಮ್ಮ ಚಾಕಲ್ಲ.

ಕಾರ್ಬನ್ ಸ್ಟೀಲೋ, ಸ್ಟೇನ್‌ಲೆಸ್ಸೋ? ಕಾರ್ಬನ್ ಬೇಗ ಹರಿತ ಆಗುತ್ತದೆ, ನಿಜ. ಒಮ್ಮೆ ಅದರಿಂದ ಅಪ್ಪೆಮಿಡಿಯ ತೊಟ್ಟು ಕೊಯ್ದೆ. ಒಂದು ಬುಟ್ಟಿ ಮುಗಿಯುವಷ್ಟರಲ್ಲಿ ಅಲಗು ನೀಲಿ-ಕಪ್ಪು. ಆ ಕಪ್ಪಿನಿಂದ ತೊಂದರೆ ಇಲ್ಲ, ಕೆಂಪು ತುಕ್ಕಿನದೇ ತೊಂದರೆ. ಮಳೆಗಾಲದಲ್ಲಿ ನಮ್ಮಲ್ಲಿ ಕಪಾಟಿನೊಳಗಿನ ಬಟ್ಟೆಯೇ ಬೂಸಲು ಹಿಡಿಯುತ್ತದೆ, ಚಾಕು ಬಿಡುತ್ತದಾ? ಕರಾವಳಿಯವರು, ಮಲೆನಾಡಿನವರು, ಕೈ ಬೆವರುವವರು ಸುಮ್ನೆ ಸ್ಟೇನ್‌ಲೆಸ್ ತಗೊಳ್ಳಿ. ಬಳ್ಳಾರಿ, ಕಲಬುರಗಿಯ ಒಣ ಹವೆಯವರು ಬೇಕಾದರೆ ಕಾರ್ಬನ್ ಇಟ್ಟುಕೊಂಡು ಒರೆಸುತ್ತಾ ಇರಲಿ. ಮರದ ಹಿಡಿಯೂ ಮಳೆಗಾಲದಲ್ಲಿ ಉಬ್ಬುತ್ತದೆ, ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ಆಗ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಒಂದು ಸಲ ಕುಟ್ಟಿದರೆ ಅಲಗಿನ ತುದಿ ಚೂರು ಹೊರಬರುತ್ತದೆ. ಒಪಿನೆಲ್ ಹುಟ್ಟಿದ ಸವೋಯ್ ಸೀಮೆಯವರೂ ಹೀಗೇ ಕುಟ್ಟುತ್ತಾರಂತೆ.

ಗುಂಡಿ ಒತ್ತಿದರೆ ಚಿಮ್ಮುವ ಚಾಕು ಮಾತ್ರ ಬೇಡವೇ ಬೇಡ. ಹಳೇ ಹಿಂದಿ ಸಿನಿಮಾದ ಖಳನಾಯಕನ ಕೈಯಲ್ಲಿರುತ್ತಿದ್ದ ರಾಂಪುರಿ ಅಂಥದ್ದು. ಪೊಲೀಸರು ನೋಡಿದರೆ ನೀವು ಮೂಸಂಬಿ ಕಥೆ ಹೇಳಿ ಪಾರಾಗುವುದು ಕಷ್ಟ. ನಮ್ಮ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇದ್ದರೆ ಆಯುಧದ ಲೆಕ್ಕ, ಮನೆಬಳಕೆ ಮತ್ತು ಕೃಷಿಯ ಉಪಕರಣಗಳನ್ನು ಬಿಟ್ಟು. ಹಣ್ಣಿನ ಚಾಕು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಮೆಟ್ರೊಗೆ, ಕೋರ್ಟಿಗೆ ಹೋಗುವ ದಿನ ಮನೆಯಲ್ಲೇ ಬಿಡಿ.

ವಿಮಾನದ ಮಾತು ಬಂದರೆ ನನಗೇ ನಾಚಿಕೆ. ಹಗುರ ಇರಬೇಕು, ಜೊತೆಗಿದೆ ಅನ್ನುವುದೇ ಮರೆಯಬೇಕು ಅಂತ ಎಲ್ಲರಿಗೂ ಹೇಳುವವಳು ನಾನು. ಮಗಳ ಮನೆಗೆ ಹೊರಟಾಗ ನಿಜವಾಗಿಯೂ ಮರೆತಿದ್ದೆ. ತಪಾಸಣೆಯ ಹುಡುಗಿ ಬ್ಯಾಗಿನ ತಳದಿಂದ, ಬಸ್ಸಿನ ಟಿಕೆಟ್ಟು, ಏಲಕ್ಕಿ ಸಿಪ್ಪೆಯ ನಡುವಿನಿಂದ ಅದನ್ನು ಎತ್ತಿ ಹಿಡಿದಳು. "ಅಮ್ಮಾ, ಇದನ್ನ ಬಿಡೋಕಾಗಲ್ಲ" ಅಂದಳು ಪಾಪ. 20 ವರ್ಷದ ಚಾಕು ಅವರ ಡಬ್ಬಕ್ಕೆ ಬಿತ್ತು. ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿ ಹಾಕಿದ್ದರೆ ಉಳಿಯುತ್ತಿತ್ತು. ಆಮೇಲೆ ಕೊಂಡ ಚಾಕಿಗೆ ಕೆಂಪು ಉಲ್ಲನ್ನಿನ ಗೊಂಡೆ ಕಟ್ಟಿದ್ದೇನೆ. ಗ್ರಾಂ ಲೆಕ್ಕದಲ್ಲಿ ಅದಕ್ಕೆ ಭಾರವೇ ಇಲ್ಲ, ಕಣ್ಣಿಗೆ ಮಾತ್ರ ಬೀಳುತ್ತದೆ.

ಮೊಂಡಾದರೆ ಬೀದಿಯಲ್ಲಿ ಬರುವ ಸಾಣೆಯವನಿಗೆ ಕೊಡಬೇಡಿ. ಈಳಿಗೆಗೆ, ಕತ್ತರಿಗೆ ಅವನೇ ಬೇಕು. ಇಷ್ಟು ತೆಳು ಅಲಗು ಆ ಚಕ್ರದಲ್ಲಿ ಬಿಸಿಯಾಗಿ ಹದ ಕಳಕೊಳ್ಳುತ್ತದೆ. ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಕಾಣುತ್ತದೆ, ಅದೇ ಸಾಣೆಕಲ್ಲು. ಅಲಗನ್ನು 20 ಡಿಗ್ರಿಯಷ್ಟು ಎತ್ತಿ, ಒತ್ತದೆ, ಆ ಕಡೆ ಒಂದು ಈ ಕಡೆ ಒಂದು ಎಳೆಯುತ್ತಾ ಹತ್ತು ಸುತ್ತು. ಹರಿತವನ್ನು ಹೆಬ್ಬೆರಳಿನಲ್ಲಿ ನೋಡಬೇಡಿ. ಹಣ್ಣು ಟೊಮೆಟೊ ಮೇಲಿಟ್ಟು ಎಳೆಯಿರಿ, ಸಿಪ್ಪೆ ಜಾರದೆ ಕೊಯ್ದರೆ ಆಯಿತು.

ಮೊಮ್ಮಗ ಕೊನೆಗೆ ಸ್ಟೇನ್‌ಲೆಸ್ಸಿನ ಒಪಿನೆಲ್ 6ನೇ ನಂಬರ್ ತರಿಸಿಕೊಂಡ. ಊರಿಗೆ ಬಂದವನು ಹುರುಪಿನಲ್ಲಿ ಅದರಿಂದಲೇ ಹಲಸಿನಹಣ್ಣು ಬಿಡಿಸಲು ಕೂತ. ಬೇಡ ಅಂದೆ, ಕೇಳಲಿಲ್ಲ. ಮೇಣ ಮೆತ್ತಿ ಉಂಗುರ ತಿರುಗಲಿಲ್ಲ, ಅಲಗು ಮಡಚಲೂ ಇಲ್ಲ. ಸೋಪು ಹಾಕಿ ತಿಕ್ಕಲು ಹೊರಟಿದ್ದ, ತಡೆದೆ. ಮೇಣಕ್ಕೆ ಮೊದಲು ಕೊಬ್ಬರಿ ಎಣ್ಣೆ ಸವರಿ ಐದು ನಿಮಿಷ ಬಿಡಬೇಕು, ಆಮೇಲೆ ಹಳೇ ಟೂತ್‌ಬ್ರಶ್ಶಿನಿಂದ ಕೀಲಿನ ಸಂದಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಸೋಪು ಕೊನೆಗೆ. ಹಿಡಿಯ ಮರದಲ್ಲಿ ಎಣ್ಣೆಯ ಕಲೆ ಉಳಿಯಿತು. ಚೆನ್ನಾಗೇ ಕಾಣುತ್ತದೆ ಅಂದ.