ಬೆಕ್ಕನ್ನು ಕ್ಯಾರಿಯರ್‌ಗೆ ಒಗ್ಗಿಸುವ ಬಗೆ: ನನ್ನ ಅನುಭವ

ಆಸ್ಪತ್ರೆಗೆ ಒಯ್ಯುವ ಪೆಟ್ಟಿಗೆ, ಅಂದರೆ ಕ್ಯಾರಿಯರ್, ಕಂಡೊಡನೆ ಮಂಚದಡಿ ಸೇರುವ ಬೆಕ್ಕನ್ನು ಹಟಮಾರಿ ಎಂದು ಬೈಯುವವರೇ ಹೆಚ್ಚು. ನಾನು ಅದನ್ನು ಪಾಠ ಚೆನ್ನಾಗಿ ಕಲಿತ ಬೆಕ್ಕು ಎನ್ನುತ್ತೇನೆ. ಪೆಟ್ಟಿಗೆ ಕೆಳಗಿಳಿಸಿದ ಸದ್ದು, ಹಿಂದೆಯೇ ಹಿಡಿಯಲು ಬರುವ ಕೈ, ಆಮೇಲೆ ವಾಹನದ ಕುಲುಕಾಟ, ಕೊನೆಗೆ ಸೂಜಿ. ಒಂದೆರಡು ಸಲಕ್ಕೇ ಈ ಸರಣಿ ಅದರ ತಲೆಯಲ್ಲಿ ಕೂತುಬಿಡುತ್ತದೆ. ಮೊದಲ ಕೊಂಡಿ ಕಂಡಾಗಲೇ ಕೊನೆಯದು ಯಾವುದೆಂದು ಅದಕ್ಕೆ ಗೊತ್ತು. ಹಾಗಾಗಿ ಕಲಿಸಲು ಕೂತಾಗ ಅದಕ್ಕೆ ಬುದ್ಧಿ ಇದೆಯೋ ಇಲ್ಲವೋ ಎಂದು ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನೋಡುವುದು ಭಯ ಎಷ್ಟಿದೆ ಎಂದು. ಭಯ ಇಳಿದಷ್ಟೇ ವೇಗದಲ್ಲಿ ಪಾಠ ಸಾಗುತ್ತದೆ, ಅದಕ್ಕಿಂತ ಬೇಗ ಸಾಗದು.

ಬೆಕ್ಕಿನ ಬುದ್ಧಿ ಯಾವ ಬಗೆಯದು ಎಂದು ತಿಳಿದಿದ್ದರೆ ಅರ್ಧ ಕೆಲಸ ಹಗುರ. 1898ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯೊಳಗಿಟ್ಟು, ಕುಣಿಕೆ ಎಳೆದರೋ ಸನ್ನೆಗೋಲು ಒತ್ತಿದರೋ ಬಾಗಿಲು ತೆರೆಯುವಂತೆ ಮಾಡಿ, ಅವು ಹೊರಬರಲು ತಗಲುವ ಹೊತ್ತನ್ನು ಅಳೆದ ಪ್ರಯೋಗ ಪ್ರಕಟಿಸಿದರು. ಮೊದಮೊದಲು ಬರೀ ಪರಚಾಟ. ಸಲದಿಂದ ಸಲಕ್ಕೆ ಹೊತ್ತು ಕಡಿಮೆಯಾಗುತ್ತ ಬಂತು. ಫಲ ಕೊಟ್ಟ ಚಲನೆ ಉಳಿಯಿತು, ಕೊಡದದ್ದು ಉದುರಿತು. 2009ರ ಇನ್ನೊಂದು ಪರೀಕ್ಷೆಯಲ್ಲಿ, ತುದಿಗೆ ತಿನಿಸು ಕಟ್ಟಿದ ಒಂಟಿ ದಾರವನ್ನು ಎಳೆದುಕೊಳ್ಳಲು ಬೆಕ್ಕುಗಳು ಕಲಿತವು. ಎರಡು ದಾರ ಇಟ್ಟು ಒಂದಕ್ಕೆ ಮಾತ್ರ ತಿನಿಸು ಕಟ್ಟಿದಾಗ ಸರಿಯಾದದ್ದನ್ನು ಸತತವಾಗಿ ಆರಿಸಲಿಲ್ಲ. ಅದೇ, ಮನುಷ್ಯರ ವಿಷಯಕ್ಕೆ ಬಂದರೆ ಚಿತ್ರವೇ ಬೇರೆ. ಹೆಸರಿಟ್ಟು ಕರೆಯುವುದನ್ನು ಅವು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತವೆ ಎಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದರು. 2021ರಲ್ಲಿ ಕ್ಯೋಟೊದಲ್ಲಿ ನಡೆದ ಅಧ್ಯಯನವಂತೂ ಇನ್ನೂ ಸೊಗಸು: ಹೊರಗಿರುವ ಮನೆಯವರ ದನಿ ಒಂದು ಕಡೆಯಿಂದ ಕೇಳಿಸಿ, ಒಡನೆಯೇ ಇರಲು ಸಾಧ್ಯವಿಲ್ಲದ ಇನ್ನೊಂದು ಕಡೆಯಿಂದ ಕೇಳಿಸಿದರೆ ಬೆಕ್ಕು ಅಚ್ಚರಿಪಡುತ್ತದೆ. ಎಂದರೆ ಕಣ್ಣಿಗೆ ಬೀಳದ ನೀವು ಎಲ್ಲಿದ್ದೀರಿ ಎಂಬ ಲೆಕ್ಕ ಅದರ ತಲೆಯಲ್ಲಿ ಓಡುತ್ತಿರುತ್ತದೆ.

ವಸ್ತುಗಳ ಒಳಗಿನ ಕೀಲು ಬೆಕ್ಕಿಗೆ ಅಷ್ಟಕ್ಕಷ್ಟೆ. ಯಾವುದರ ಬೆನ್ನಿಗೆ ಯಾವುದು ಬರುತ್ತದೆ, ಯಾರು ಎಲ್ಲಿಂದ ಬರುತ್ತಾರೆ ಎಂಬುದರಲ್ಲಿ ಅದು ಪಳಗಿದ ಕೈ. ಕ್ಯಾರಿಯರ್ ಕೆಲಸದಲ್ಲಿ ನಾನು ಮಾಡುವುದು ಇಷ್ಟೇ: ಪೆಟ್ಟಿಗೆಯ ಬೆನ್ನಿಗೆ ಬರುವ ಸಂಗತಿಯನ್ನು ಬದಲಿಸುವುದು.

ಮೊದಲು ತಿನಿಸು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಸೋಕದೆ ಬೇಯಿಸಿದ ಕೋಳಿಯ ಎದೆಮಾಂಸ ನನ್ನ ಮೊದಲ ಆಯ್ಕೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ, ಅವನ್ನು ಬೇಯಿಸಿದ ನೀರೂ ಬೇಡ. ಸಿಹಿ ರುಚಿ ಬೆಕ್ಕಿನ ನಾಲಿಗೆಗೆ ತಿಳಿಯದು, ಬಿಸ್ಕತ್ತು ಕೊಡುವುದರಲ್ಲಿ ಅರ್ಥವಿಲ್ಲ. 4 ಕಿಲೋ ತೂಗುವ ಮನೆ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೋಕ್ಯಾಲೊರಿ ಸಾಕು. ಅದರಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತರಬೇತಿಯ ತಿನಿಸಿಗೆ ಹೋಗಬಾರದು. ಬೇಯಿಸಿದ ಎದೆಮಾಂಸ 100 ಗ್ರಾಂಗೆ 165 ಕಿಲೋಕ್ಯಾಲೊರಿ ಎಂದು ಹಿಡಿದರೆ ದಿನದ ಪಾಲು 12 ಗ್ರಾಂ ಆಯಿತು. ಅರ್ಧ ಗ್ರಾಂನ ತುಣುಕು ಮಾಡಿದರೆ 24 ಸಲ ಕೊಡಬಹುದು. ಎರಡು ಅಥವಾ ಮೂರು ಪಾಠಕ್ಕೆ ಹಂಚಿಕೊಳ್ಳುತ್ತೇನೆ. ಫ್ರಿಜ್‌ನಿಂದ ತೆಗೆದದ್ದನ್ನು ಉಗುರುಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಅರ್ಧ ಆಕರ್ಷಣೆ ಅದರಲ್ಲೇ ಇದೆ.

ಪಾಠ ಊಟಕ್ಕೆ ತುಸು ಮುಂಚೆ ಇರಲಿ. ಹಸಿವಾಗಲೆಂದು ಉಪವಾಸ ಕೆಡವುವುದು ಮಾತ್ರ ಬೇಡವೇ ಬೇಡ. ದಿನಗಟ್ಟಲೆ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವುದಕ್ಕೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಎರವಾಗುತ್ತದೆ.

ಇದೇ ತಿನಿಸು ಭಯ ಅಳೆಯುವ ಸಾಧನವೂ ಹೌದು. ಕ್ಯಾರಿಯರ್ ಪಕ್ಕದಲ್ಲಿಟ್ಟ ತುಣುಕನ್ನು ಬೆಕ್ಕು ಮೂಸಿ ಬಿಟ್ಟಿತು ಅನ್ನಿ. ಹೊಟ್ಟೆ ತುಂಬಿದೆಯೋ, ಹೆದರಿದೆಯೋ? ಅದೇ ತುಣುಕನ್ನು ಒಯ್ದು ದಿನಾ ತಿನ್ನುವ ಜಾಗದಲ್ಲಿಡಿ. ಅಲ್ಲಿ ತಿಂದರೆ, ಇಲ್ಲಿ ಬಿಟ್ಟದ್ದು ಹೆದರಿಕೆಯಿಂದ. ತುಣುಕನ್ನು ಎಷ್ಟು ದೂರದಲ್ಲಿಟ್ಟರೆ ತಿನ್ನುತ್ತದೆ ಎಂದು ನೋಡಿ. ಎರಡು ಮೀಟರ್ ಆದರೆ ಎರಡು ಮೀಟರ್, ನಿಮ್ಮ ಪಾಠ ಅಲ್ಲಿಂದ ಶುರು.

ಮೈಯ ಭಾಷೆಯನ್ನೂ ಜೊತೆಗೇ ಓದಬೇಕು. ನಾನು ಮೊದಲು ನೋಡುವುದು ಕಿವಿ. ಮುಂದಕ್ಕೆ ತಿರುಗಿದ್ದರೆ ಒಳ್ಳೆಯದು. ಪಕ್ಕಕ್ಕೆ ಹೊರಳಿ ಚಪ್ಪಟೆಯಾಗತೊಡಗಿದರೆ ಒಂದು ಹೆಜ್ಜೆ ಹಿಂದೆ ಸರಿಯುವ ಹೊತ್ತು. ಆಮೇಲೆ ಬಾಲದ ತುದಿ, ಬೆನ್ನಿನ ಚರ್ಮದ ನಡುಕ, ಮತ್ತೆ ಮತ್ತೆ ತುಟಿ ನೆಕ್ಕುವುದು. ಕಣ್ಣಿನ ಪಾಪೆ ಅಗಲವಾದರೆ ಭಯ ಎಂದು ಹಲವರು ಹೇಳುತ್ತಾರೆ, ಅದೊಂದನ್ನೇ ನಂಬಬೇಡಿ. ಮಂದ ಬೆಳಕಿನಲ್ಲಿ ಅಗಲವಾಗುತ್ತದೆ, ಆಟದಲ್ಲಿ ನೆಗೆಯುವ ಮುಂಚೆಯೂ ಅಗಲವಾಗುತ್ತದೆ. ಗೊರಗುಟ್ಟುವುದೂ ಹಾಗೆಯೇ, ಹಾಯಾಗಿದ್ದಾಗ ಗೊರಗುಟ್ಟುವ ಬೆಕ್ಕು ನೋವಿನಲ್ಲಿಯೂ ಗೊರಗುಟ್ಟೀತು. ಬಾಲವನ್ನು ನೆಟ್ಟಗೆ ಮೇಲೆತ್ತಿ ನಿಮ್ಮ ಕಡೆ ನಡೆದು ಬಂತೋ, ಅದರಲ್ಲಿ ಎರಡು ಮಾತಿಲ್ಲ, ಸ್ನೇಹದ ಸೂಚನೆ.

ನೋವಿರುವ ಬೆಕ್ಕಿಗೆ ಪಾಠ ಹೇಳಬಾರದು. ಮಾಂಟ್ರಿಯಾಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ನೋವಿನ ಮಾಪಕ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಅದರಲ್ಲಿ ನೋಡುವುದು ಐದು: ಕಿವಿಯ ಸ್ಥಾನ, ಕಣ್ಣು ಕಿರಿದಾಗಿರುವುದು, ಮೂತಿಯ ಬಿಗಿತ, ಮೀಸೆಯ ವಾಲು, ಭುಜಕ್ಕಿಂತ ತಲೆ ಮೇಲಿದೆಯೋ ಕೆಳಗಿದೆಯೋ. ಪ್ರತಿಯೊಂದಕ್ಕೂ 0ಯಿಂದ 2ರವರೆಗೆ ಅಂಕ. ಕಿರಿದಾದ ಕಣ್ಣು, ಬಿಗಿದ ಮೂತಿ, ಕೆಳಗಿಳಿದ ತಲೆ ಒಟ್ಟಿಗೆ ಕಂಡರೆ ತರಬೇತಿ ಬದಿಗಿಟ್ಟು ಪಶುವೈದ್ಯರಿಗೆ ತೋರಿಸುವುದೇ ಸರಿ. ಹಾಸಿಗೆ ಮೇಲೆ ಮೂತ್ರ ಮಾಡಿ ‘ಸೇಡು ತೀರಿಸಿಕೊಂಡಿತು’ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ಮೂತ್ರಕೋಶದ ಉರಿಯೂತಕ್ಕೆ ಮನೆಯೊಳಗಿನ ಒತ್ತಡವೂ ಒಂದು ಕಾರಣ. ಗಂಡು ಬೆಕ್ಕು ಮಲಮೂತ್ರದ ಟ್ರೇನಲ್ಲಿ ಮತ್ತೆ ಮತ್ತೆ ಮುಕ್ಕಿರಿದು ಹನಿಯೂ ಬರದಿದ್ದರೆ ಅದು ತುರ್ತು ಪರಿಸ್ಥಿತಿ, ಬೆಳಗಾಗಲೆಂದು ಕಾಯುವಂತಿಲ್ಲ.

ಇನ್ನು ಸದ್ದಿನ ಗುರುತು, ಎಂದರೆ ‘ಮಾಡಿದ್ದು ಸರಿ, ತಿನಿಸು ಬರುತ್ತಿದೆ’ ಎಂದು ಬೆಕ್ಕಿಗೆ ತಿಳಿಸುವ ಸದ್ದು. ಒತ್ತಿದರೆ ಟಕ್ ಎನ್ನುವ ಅಂಗಡಿಯ ಪುಟ್ಟ ಸಾಧನ, ಕ್ಲಿಕ್ಕರ್, ಬೆಕ್ಕಿನ ಕಿವಿಗೆ ಜೋರಾಯಿತು. ಬಾಲ್‌ಪೆನ್ನಿನ ‘ಟಿಕ್’ ಸಾಕು, ಇಲ್ಲವೇ ಕ್ಲಿಕ್ಕರನ್ನು ಕಾಲುಚೀಲದಲ್ಲಿ ಸುತ್ತಿ. ಟಿಕ್ ಎನಿಸಿ ಒಂದು ಸೆಕೆಂಡಿನೊಳಗೆ ತುಣುಕು ಇಡಿ. ಹೀಗೆ ಹತ್ತು ಹದಿನೈದು ಸಲ, ಬೆಕ್ಕಿನಿಂದ ಏನನ್ನೂ ಬಯಸದೆ. ಪಾಠ ಹತ್ತಿತೆಂದು ತಿಳಿಯುವುದು ಹೇಗೆಂದರೆ, ಬೆಕ್ಕು ಬೇರೆಲ್ಲೋ ನೋಡುತ್ತಿರುವಾಗ ಟಿಕ್ ಎನಿಸಿ ಗಮನಿಸಿ: ಮೊದಲು ಒಂದೇ ಒಂದು ಕಿವಿ ಹೊರಳುತ್ತದೆ, ಹಿಂದೆಯೇ ತಲೆ, ಮೀಸೆ ಮುಂದಕ್ಕೆ ಚಾಚುತ್ತದೆ, ಕಣ್ಣು ಪೆನ್ನನ್ನು ಬಿಟ್ಟು ನೇರ ತುಣುಕಿರುವ ಕೈಗೆ ಹೋಗುತ್ತದೆ. ಇಲ್ಲಿ ಕೆಡುವುದು ಸಾಮಾನ್ಯವಾಗಿ ಕೈಯಿಂದ. ಟಿಕ್ ಎನ್ನುವ ಮುಂಚೆಯೇ ಕೈ ತಿನಿಸಿನ ಕಡೆ ಸರಿದರೆ ಬೆಕ್ಕು ಕೈಯನ್ನು ಓದಲು ಕಲಿಯುತ್ತದೆ, ಸದ್ದು ನಿರರ್ಥಕವಾಗುತ್ತದೆ. ತುಣುಕನ್ನು ಮೂತಿಗೆ ತೀರ ಹತ್ತಿರ ಹಿಡಿಯುವುದೂ ದಂಡ. ಸುಮಾರು 25 ಸೆಂಟಿಮೀಟರ್‌ಗಿಂತ ಹತ್ತಿರದ ವಸ್ತು ಬೆಕ್ಕಿಗೆ ಸ್ಪಷ್ಟವಾಗಿ ಕಾಣದು, ಅಷ್ಟು ಹತ್ತಿರದಲ್ಲಿ ಮೂಗು ಮತ್ತು ಮೀಸೆಯದೇ ಕೆಲಸ. ನೆಲದ ಮೇಲಿಟ್ಟು ಬೆರಳಿಂದ ಒಮ್ಮೆ ತಟ್ಟಿದರೆ ಹುಡುಕಿಕೊಳ್ಳುತ್ತದೆ.

ಕ್ಯಾರಿಯರ್ ಗಟ್ಟಿ ಪ್ಲಾಸ್ಟಿಕ್ಕಿನದು, ಮೇಲಿನ ಅರ್ಧ ಬಿಚ್ಚಲು ಬರುವಂಥದ್ದು ಇರಲಿ. ಆಸ್ಪತ್ರೆಯಲ್ಲಿ ಬೆಕ್ಕನ್ನು ಹೊರಗೆಳೆಯದೆ ಕೆಳಗಿನ ಅರ್ಧದಲ್ಲೇ ಕೂರಿಸಿಕೊಂಡು ಪರೀಕ್ಷಿಸಬಹುದು. ಹಳೆಯ ಪೆಟ್ಟಿಗೆಯ ನೆನಪು ಕೆಟ್ಟದಾಗಿದ್ದರೆ ಬೇರೆ ಆಕಾರದ್ದು ತಂದರೆ ದಾರಿ ಹತ್ತಿರವಾಗುತ್ತದೆ. ಹಳೆಯದನ್ನೇ ಬಳಸುವುದಾದರೆ ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಮೇಲ್ಭಾಗವನ್ನೂ ಬಾಗಿಲನ್ನೂ ಬಿಚ್ಚಿ, ಬೆಕ್ಕು ಮಲಗಿ ಅದರದೇ ವಾಸನೆ ಹಿಡಿದ ಟವೆಲ್ ಹಾಸಿ, ಅದು ಹೆಚ್ಚು ಹೊತ್ತು ಕಳೆಯುವ ಕೋಣೆಯಲ್ಲಿ ಗೋಡೆಗೆ ಒರಗಿಸಿಡುತ್ತೇನೆ. ಆಮೇಲೆ ಪೆಟ್ಟಿಗೆ ಅಲ್ಲಿಂದ ಕದಲುವುದಿಲ್ಲ. ಬೇಕಾದಾಗ ಮಾತ್ರ ಹೊರಬರುವ ಪೆಟ್ಟಿಗೆ ಯಾವತ್ತೂ ಅಪಶಕುನವೇ.

ಪಾಠ ಎರಡು ಮೂರು ನಿಮಿಷದ್ದು, ಎಂಟು ಹತ್ತು ತುಣುಕಿನದು. ಪೆಟ್ಟಿಗೆ ಕಡೆ ನೋಡಿದರೆ ಟಿಕ್, ತುಣುಕು. ಒಂದು ಹೆಜ್ಜೆ ಇಟ್ಟರೆ ಟಿಕ್. ಅಂಚಿನ ಮೇಲೆ ಮುಂಗಾಲು ಇಟ್ಟರೆ ಟಿಕ್. ತುಣುಕನ್ನು ಪೆಟ್ಟಿಗೆಯಿಂದ ದೂರಕ್ಕೆ ಎಸೆದರೆ ಬೆಕ್ಕು ತಿಂದು ತಾನಾಗಿ ತಿರುಗಿ ಬರುತ್ತದೆ, ಆ ತಿರುಗಿ ಬರುವುದೇ ನಮಗೆ ಬೇಕಾದ್ದು. ಒಳಗೆ ರಾಶಿ ತಿನಿಸು ಸುರಿದು ಆಸೆ ತೋರಿಸುವ ಕ್ರಮದಲ್ಲಿ ಒಂದು ತೊಡಕಿದೆ. ಹಿಂಗಾಲು ಹೊರಗೇ ಊರಿ, ಮೈ ರಬ್ಬರಿನಂತೆ ಉದ್ದ ಮಾಡಿ, ಬಾಚಿ ತಿಂದು ಹಿಂದಕ್ಕೆ ಹಾರುತ್ತದೆ. ಹೊಟ್ಟೆ ತುಂಬಿತು, ಭಯ ಹಾಗೇ ಉಳಿಯಿತು. ಹಿಂಗಾಲು ಎಲ್ಲಿದೆ ಎಂಬುದರ ಮೇಲೆ ಕಣ್ಣಿಡಿ.

ನಾಲ್ಕೂ ಕಾಲು ಒಳಗಿಟ್ಟು, ಕೂತು, ಒಮ್ಮೆಯಾದರೂ ಒಳಗೇ ಮಲಗಿದ ಮೇಲೆ ಮೇಲ್ಭಾಗ ಹಾಕುತ್ತೇನೆ. ಆಗ ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಶುರು ಮಾಡಬೇಕು, ಬೆಕ್ಕಿನ ಮಟ್ಟಿಗೆ ಅದು ಹೊಸ ಪೆಟ್ಟಿಗೆ. ಆಮೇಲೆ ಬಾಗಿಲು. ಬಹುತೇಕ ಎಲ್ಲರ ಶ್ರಮವೂ ನೀರಿನಲ್ಲಿ ಹೋಮವಾಗುವ ಜಾಗ ಇದೇ. ಬೆಕ್ಕು ಮೊದಲ ಸಲ ತಾನಾಗಿ ಒಳಹೋದ ಖುಷಿಯಲ್ಲಿ ಪಟಕ್ಕನೆ ಬಾಗಿಲು ಹಾಕಿಬಿಡುತ್ತಾರೆ. ಮೊದಲು ಬಾಗಿಲನ್ನು ಅರ್ಧ ತಳ್ಳಿ ತೆರೆಯಿರಿ, ತುಣುಕು ಕೊಡಿ. ಆಮೇಲೆ ಮುಚ್ಚಿ, ಕೊಂಡಿ ಹಾಕದೆ, ಒಂದು ಸೆಕೆಂಡು. ಕೊಂಡಿಯ ಸದ್ದಿಗೂ ಬೇರೆಯಾಗಿ ಒಗ್ಗಿಸಬೇಕು. ಹೊತ್ತನ್ನು ಬರೀ ಏರಿಸುತ್ತ ಹೋಗಬೇಡಿ, ಪ್ರತಿಸಲವೂ ಕಷ್ಟವಾಗುತ್ತದೆಂದು ಬೆಕ್ಕು ಕಂಡುಹಿಡಿಯುತ್ತದೆ. 5 ಸೆಕೆಂಡು, 8, ಮತ್ತೆ 3, 12, 4, 20, ಹೀಗೆ ಏರಿಳಿಸಿ. ತುಣುಕನ್ನು ಬಾಗಿಲ ಸಂದಿನಿಂದ ಒಳಗೇ ಕೊಡಿ. ಅದು ಕೂಗಿ ಪರಚುವ ಮುಂಚೆ ತೆರೆಯಬೇಕು. ಪರಚಿದಾಗ ತೆರೆದರೆ ಥಾರ್ನ್‌ಡೈಕನ ಪೆಟ್ಟಿಗೆಯ ಪಾಠವೇ ಮತ್ತೆ: ಪರಚಿದರೆ ಬಾಗಿಲು ತೆರೆಯುತ್ತದೆ ಎಂದು ಕಲಿಯುತ್ತದೆ.

ಒಂದು ನಿಮಿಷ ನೆಮ್ಮದಿಯಾಗಿ ಕೂತರೆ ಎತ್ತಬಹುದು. ಹಿಡಿಯಿಂದ ತೂಗಾಡಿಸದೆ, ಎರಡೂ ಕೈಯಿಂದ ತಳ ಹಿಡಿದು ಒಂದು ಗೇಣು ಎತ್ತಿ ಇಳಿಸಿ. ಆಮೇಲೆ ಎರಡು ಹೆಜ್ಜೆ, ಬಾಗಿಲವರೆಗೆ, ನಿಂತ ವಾಹನದೊಳಗೆ, ಎಂಜಿನ್ ಹಾಕಿ, ಕೊನೆಗೆ ಸ್ವಲ್ಪ ದೂರ ಹೋಗಿ ಬರುವುದು. ಮೇಲೊಂದು ಬಟ್ಟೆ ಹೊದಿಸಿದರೆ ಹಲವು ಬೆಕ್ಕುಗಳು ತಣ್ಣಗಾಗುತ್ತವೆ. ಚುರುಕಾದ, ಹಳೆಯ ಹೆದರಿಕೆ ಇಲ್ಲದ ಮರಿ ವಾರದೊಳಗೆ ಇಷ್ಟನ್ನೂ ದಾಟೀತು. ಹೆದರಿ ಬೆಳೆದದ್ದಕ್ಕೆ ತಿಂಗಳುಗಳು ಹಿಡಿದರೆ ಅದರ ಬುದ್ಧಿಯನ್ನು ದೂರಬೇಡಿ. ಎರಡರಿಂದ ಏಳು ವಾರದ ವಯಸ್ಸಿನಲ್ಲಿ ಮನುಷ್ಯರ ಕೈ ಸೋಕದ ಮರಿಗೆ ಮುಂದೆ ಎಲ್ಲವೂ ನಿಧಾನ.

ಪಾಠದ ನಡುವೆ ಮುಟ್ಟುವುದಿದ್ದರೆ ಮೊದಲು ಬೆರಳು ಚಾಚಿ ಕಾಯುತ್ತೇನೆ, ಅದು ಕೆನ್ನೆ ಉಜ್ಜಿದರೆ ಮಾತ್ರ ಮುಂದೆ. ಕೆನ್ನೆ, ಗಲ್ಲದಡಿ, ಕಿವಿಯ ಬುಡ ಸರಿ. ಹೊಟ್ಟೆ, ಬಾಲದ ಬುಡ ಬೇಡ. ನಾಲ್ಕೈದು ಸೆಕೆಂಡಿಗೊಮ್ಮೆ ಕೈ ನಿಲ್ಲಿಸಿದರೆ ಇನ್ನೂ ಬೇಕೋ ಸಾಕೋ ಎಂದು ಬೆಕ್ಕೇ ಹೇಳುತ್ತದೆ. ಕಣ್ಣು ಕಿರಿದು ಮಾಡಿ ನಿಧಾನ ಮುಚ್ಚಿ ತೆರೆಯುವ ಉಪಾಯವೂ ಕೆಲಸಕ್ಕೆ ಬರುತ್ತದೆ. ಹಾಗೆ ಮಾಡಿದ ಅಪರಿಚಿತರ ಕೈಯ ಬಳಿಗೂ ಬೆಕ್ಕುಗಳು ಹೆಚ್ಚಾಗಿ ಬಂದವೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರ 2020ರ ಅಧ್ಯಯನ ಹೇಳಿದೆ. ಹೆಸರಿನ ಬಗ್ಗೆ ಜಿಪುಣರಾಗಿ. ಔಷಧಿಗೂ ಸ್ನಾನಕ್ಕೂ ಹೆಸರು ಹಿಡಿದು ಕರೆದರೆ ಆ ಹೆಸರೂ ಸೂಜಿಯ ಸರಣಿಗೆ ಸೇರುತ್ತದೆ.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ, ಆಸ್ಪತ್ರೆಯಿಂದ ಮರಳಿದ್ದನ್ನು ನೇರ ಅದರೆದುರು ಬಿಡಬೇಡಿ. ಔಷಧಿಯ ವಾಸನೆಗೆ ಗುರುತು ತಪ್ಪಿ ಮನೆಯಲ್ಲಿದ್ದ ಬೆಕ್ಕು ಬುಸುಗುಡುತ್ತದೆ, ಕೆಲವೊಮ್ಮೆ ಆ ಜಗಳ ದಿನಗಟ್ಟಲೆ ಆರುವುದಿಲ್ಲ. ಬೇರೆ ಕೋಣೆಯಲ್ಲಿ ಕೆಲವು ಗಂಟೆ ಇರಿಸಿ, ಮನೆಯ ಟವೆಲ್‌ನಿಂದ ಮೈ ಒರೆಸಿ. ಒಳಗಿನ ಹಾಸು ಬದಲಿಸಿ ಕ್ಯಾರಿಯರನ್ನು ಅದರ ಮಾಮೂಲು ಜಾಗದಲ್ಲೇ ಬಾಗಿಲು ತೆರೆದಿಡಿ. ಅಂದಿನ ರಾತ್ರಿಯ ಊಟ ಅದರ ಹತ್ತಿರ, ಮರುದಿನದ್ದು ಒಳಗೆ. ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ ಒಳಗೇ ಊಟ.